ಮುತ್ಯಾಗೆ ಕಾಣುವ ಮಕ್ಕಳು ಎಲ್ಲಿಂದ ಬರುತ್ತಾರೆ?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಜೇವರ್ಗಿ ತಾಲೂಕಿನ ಹಳ್ಳಿ, ನಾನು ಕಲಬುರಗಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ನಮ್ಮ ಮುತ್ಯಾಗೆ, ಅಂದರೆ ಅಜ್ಜನಿಗೆ, 88 ವರ್ಷ. ಕಾಚಬಿಂದುವಿನಿಂದ (ಗ್ಲಾಕೋಮಾ) ಎರಡೂ ಕಣ್ಣಿನ ನೋಟ ಹೆಚ್ಚುಕಡಿಮೆ ಹೋಗಿದೆ. ಬೆಳಕು, ನೆರಳು ಅಷ್ಟೇ ತಿಳಿಯುತ್ತೆ. ಕೆಲವು ತಿಂಗಳಿಂದ ಸಂಜೆ ಪಡಸಾಲೆಯಲ್ಲಿ ಒಬ್ಬರೇ ಕೂತಾಗ ಏನೇನೋ ಕಾಣುತ್ತದಂತೆ. ಮೊದಲು ನೆಲದ ಪರಸಿ ಮೇಲೆ ಬಲೆಯಂಥ ಗೆರೆಗಳು, ಚಿತ್ತಾರ. ಆಮೇಲೆ ಬಣ್ಣದ ಪಟಗಾ ಸುತ್ತಿದ ಗೇಣುದ್ದದ ಮನುಷ್ಯರು ಸಾಲಾಗಿ ಹೋಗುತ್ತಾರಂತೆ. ಮಕ್ಕಳು ಬಂದು ನಿಲ್ಲುತ್ತಾರೆ, ಆದರೆ ಮಾತಾಡಲ್ಲ. ಗೋಡೆ ಮೇಲೆ ಉರ್ದು ಬರಹ ಕಾಣುತ್ತೆ, ಓದಲು ಹೋದರೆ ಆಗಲ್ಲ. ಅವರು ನಿಜಾಮರ ಕಾಲದಲ್ಲಿ ಉರ್ದು ಶಾಲೆಗೆ ಹೋದವರು. ನೆನಪು ಗಟ್ಟಿಯಾಗಿದೆ, ಲೆಕ್ಕ ತಪ್ಪಲ್ಲ, "ಅವು ಅಲ್ಲಿಲ್ಲ ಅಂತ ನನಗೂ ಗೊತ್ತು" ಅಂತಾರೆ. ಮನೆಯಲ್ಲಿ ಕೆಲವರು ಗಾಳಿ ಸೋಕಿದೆ ಅಂತಾರೆ, ಕೆಲವರು ಅರಳು ಮರಳು ಅಂತಾರೆ. ನಿಜಕ್ಕೂ ಏನಿದು? ಕಂಪ್ಯೂಟರಿನಲ್ಲಿ ಮೆದುಳಿನ ಮಾದರಿ ಮಾಡಿ ಅದಕ್ಕೂ ಹೀಗೇ ಕಾಣಿಸುವಂತೆ ಮಾಡಿದ್ದಾರೆ ಅಂತ ಕೇಳಿದೆ. ಅದು ಹೌದಾ?

ಉತ್ತರ: ಇವತ್ತೇ ಮುತ್ಯಾ ಹತ್ತಿರ ಕೂತು ಒಂದು ಮಾತು ಹೇಳಿಬಿಡಿ. ಹೀಗೆ ಕಾಣುವುದು ಅವರೊಬ್ಬರಿಗೇ ಅಲ್ಲ. ಇದು ಹುಚ್ಚಲ್ಲ, ಗಾಳಿ ಸೋಕಿದ್ದೂ ಅಲ್ಲ. ನೀವು ಬರೆದಿರುವ ಒಂದೊಂದು ವಿವರವೂ ಚಾರ್ಲ್ಸ್ ಬೊನೆ ಸಿಂಡ್ರೋಮ್ ಅನ್ನುವ ಸ್ಥಿತಿಗೆ ಸರಿಯಾಗಿ ಹೊಂದುತ್ತದೆ. ನೋಟ ಕಳೆದುಕೊಂಡವರಿಗೆ, ಬುದ್ಧಿ ಸ್ವಸ್ಥವಾಗಿರುವಾಗಲೇ, ಇಲ್ಲದ್ದು ಕಾಣುವ ಸ್ಥಿತಿ ಇದು. ನಾನು ಡಾಕ್ಟರ್ ಅಲ್ಲ. ಕಣ್ಣಿನಿಂದ ಬಂದದ್ದನ್ನು ಮೆದುಳು ಹೇಗೆ ಲೆಕ್ಕ ಹಾಕಿ ನೋಟ ಮಾಡಿಕೊಳ್ಳುತ್ತದೆ ಅನ್ನುವುದು ನನ್ನ ಕೆಲಸ. ಹಾಗಾಗಿ ಇದು ಅದೇ ಅಂತ ಖಚಿತ ಮಾಡಬೇಕಾದವರು ಕಣ್ಣಿನ ಡಾಕ್ಟರು, ಆ ವಿಷಯ ಕೊನೆಯಲ್ಲಿ ಹೇಳುತ್ತೇನೆ. ಆದರೆ ಯಾಕೆ ಹೀಗಾಗುತ್ತೆ ಅನ್ನುವುದನ್ನು ಬಿಡಿಸಿ ಹೇಳಬಲ್ಲೆ, ಮತ್ತು ಮನೆಯವರ ಭಯ ಹೋಗಲು ಅದೇ ಜಾಸ್ತಿ ಬೇಕಾಗಿರುವುದು ಅಂತ ನನಗನ್ನಿಸುತ್ತೆ.

ಹೆಸರಿನ ಕತೆ ಚಿಕ್ಕದು. ಚಾರ್ಲ್ಸ್ ಬೊನೆ ಜಿನೀವಾದ ವಿಜ್ಞಾನಿ. ಅವರ ಅಜ್ಜ ಚಾರ್ಲ್ಸ್ ಲುಲಾಂಗೆ 90ರ ಹತ್ತಿರ ವಯಸ್ಸು, ಮೋತಿಬಿಂದುವಿನಿಂದ (ಕಣ್ಣಿನ ಪೊರೆ) ನೋಟ ಹಾಳಾಗಿತ್ತು. ಆ ಅಜ್ಜನಿಗೆ ಗಂಡಸರು, ಹೆಂಗಸರು, ಹಕ್ಕಿಗಳು, ಬಂಡಿಗಳು, ಕಟ್ಟಡಗಳು ಕಾಣುತ್ತಿದ್ದವು. ಯಾವುದೂ ಸದ್ದು ಮಾಡುತ್ತಿರಲಿಲ್ಲ, ಮತ್ತು ಅವು ನಿಜವಲ್ಲ ಅಂತ ಅಜ್ಜನಿಗೆ ಗೊತ್ತಿತ್ತು. ಮೊಮ್ಮಗ ಇದನ್ನು 1760ರಲ್ಲಿ ಬರೆದಿಟ್ಟರು. ನಿಮ್ಮ ಮನೆಯ ಹಾಗೆಯೇ ಅಲ್ಲೂ ಅಜ್ಜ ಹೇಳಿದ್ದನ್ನು ಮೊಮ್ಮಗ ನಂಬಿ ಕೇಳಿದ್ದರಿಂದ ಇದೆಲ್ಲ ಹೊರಗೆ ಬಂತು. ಇವತ್ತಿಗೂ ನೋಟ ಕಡಿಮೆಯಾದವರನ್ನು ಡಾಕ್ಟರು ಬಿಡಿಸಿ ಕೇಳಿದರೆ ಹತ್ತರಲ್ಲಿ ಒಬ್ಬರಾದರೂ ಹೌದು, ನನಗೂ ಕಾಣುತ್ತೆ ಅನ್ನುತ್ತಾರೆ. ಕೇಳದಿದ್ದರೆ ಹೇಳುವುದಿಲ್ಲ. ಹುಚ್ಚ ಅಂದಾರು ಅನ್ನುವ ಭಯ. ನಮ್ಮ ಭಾಗದಲ್ಲಿ ಇನ್ನೂ ಜಾಸ್ತಿ. ತಾಯತ ಕಟ್ಟಿಸುತ್ತಾರೆ, ಅಲ್ಲಿ ಇಲ್ಲಿ ಕರೆದುಕೊಂಡು ಹೋಗುತ್ತಾರೆ, ಆಮೇಲೆ ಮುದುಕರು ಸುಮ್ನೆ ಬಾಯಿ ಮುಚ್ಚಿಕೊಂಡು ಒಬ್ಬರೇ ಅನುಭವಿಸುತ್ತಾರೆ. ನನಗೆ ಸಂಕಟವಾಗುವುದು ಇದೇ.

ಈಗ ಮುಖ್ಯ ವಿಷಯಕ್ಕೆ ಬರೋಣ. ನಾವೆಲ್ಲ ಅಂದುಕೊಂಡಿರುವುದು ಹೀಗೆ: ಕಣ್ಣು ಚಿತ್ರ ತೆಗೆಯುತ್ತೆ, ನರದಲ್ಲಿ ಮೆದುಳಿಗೆ ಕಳಿಸುತ್ತೆ, ಮೆದುಳು ನೋಡುತ್ತೆ. ಹಾಗಿದ್ದಿದ್ದರೆ ಕಣ್ಣು ಹೋದ ಮೇಲೆ ಬರೀ ಕತ್ತಲೆ ಇರಬೇಕಿತ್ತು ಅಲ್ವಾ? ಇರಲ್ಲ, ಯಾಕಂದರೆ ನೋಟ ಹಾಗೆ ಆಗುವುದೇ ಇಲ್ಲ. ಒಂದು ಸಣ್ಣ ಪರೀಕ್ಷೆ ನೀವೇ ಮಾಡಿ. ಗೆರೆ ಇರುವ ನೋಟ್‌ಬುಕ್ ಹಾಳೆ ತೆಗೆದುಕೊಳ್ಳಿ. ಎಡಗಡೆ ಒಂದು ಕೂಡಿಸುವ ಗುರುತು ಹಾಕಿ, ಅಲ್ಲಿಂದ ಬಲಕ್ಕೆ 8 ಸೆಂಟಿಮೀಟರ್ ದೂರದಲ್ಲಿ ಸಣ್ಣ ಬೊಟ್ಟಿನಷ್ಟು ದೊಡ್ಡ ಚುಕ್ಕೆ ಇಡಿ. ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಆ ಗುರುತನ್ನೇ ನೋಡುತ್ತಾ ಹಾಳೆಯನ್ನು ಮುಖದಿಂದ 30 ಸೆಂಟಿಮೀಟರ್ ಆಸುಪಾಸಿನಲ್ಲಿ ನಿಧಾನವಾಗಿ ಹಿಂದೆ ಮುಂದೆ ಸರಿಸಿ. ಒಂದು ಕಡೆ ಚುಕ್ಕೆ ಮಾಯವಾಗುತ್ತೆ.

ಕಣ್ಣಿನ ಒಳಪರದೆಯಿಂದ ನರ ಹೊರಗೆ ಹೋಗುವ ಜಾಗದಲ್ಲಿ ಬೆಳಕು ಹಿಡಿಯುವ ಕೋಶಗಳೇ ಇಲ್ಲ, ಚುಕ್ಕೆ ಅಲ್ಲಿ ಬಿದ್ದಿದೆ. ಫ್ರಾನ್ಸಿನ ಎಡ್ಮ್ ಮಾರಿಯೊಟ್ 17ನೇ ಶತಮಾನದಲ್ಲೇ ಇದನ್ನು ಕಂಡುಹಿಡಿದರು. ಆದರೆ ನೀವು ಗಮನಿಸಬೇಕಾದದ್ದು ಚುಕ್ಕೆ ಹೋದದ್ದನ್ನಲ್ಲ. ಅದು ಹೋದ ಜಾಗದಲ್ಲಿ ತೂತು ಕಾಣುವುದಿಲ್ಲ, ಕಪ್ಪೂ ಕಾಣುವುದಿಲ್ಲ. ಹಾಳೆಯ ಗೆರೆಗಳು ಅಲ್ಲಿಯೂ ಮುಂದುವರಿದಿರುತ್ತವೆ. ಆ ಗೆರೆಗಳನ್ನು ನಿಮ್ಮ ಕಣ್ಣು ಕಳಿಸಿಲ್ಲ. ಮೆದುಳು ಸುತ್ತಮುತ್ತ ನೋಡಿ, ಇಲ್ಲಿಯೂ ಗೆರೆ ಇರಬೇಕು ಅಂತ ಅಂದಾಜು ಮಾಡಿ ತಾನೇ ಹಾಕಿದೆ. ನಿಮಗೆ 20 ವರ್ಷ, ಕಣ್ಣು ನೆಟ್ಟಗಿದೆ, ಆದರೂ ಇಲ್ಲದ್ದನ್ನು ನೋಡಿದಿರಿ. ದಿನವಿಡೀ ನೋಡುತ್ತಲೇ ಇರುತ್ತೀರಿ.

ಇದು ಒಂದು ಮೂಲೆಯ ಸಂಗತಿ ಅಷ್ಟೇ ಅಂದುಕೊಳ್ಳಬೇಡಿ. ಕೈ ಚಾಚಿ ಹೆಬ್ಬೆರಳು ನೋಡಿದರೆ ಅದರ ಉಗುರಿನಷ್ಟು ಜಾಗ ಮಾತ್ರ ನಮಗೆ ನಿಜಕ್ಕೂ ಸ್ಪಷ್ಟ. ಉಳಿದದ್ದೆಲ್ಲ ಮಸುಕು. ಕಣ್ಣು ಸೆಕೆಂಡಿಗೆ ಮೂರು ಸಲದಂತೆ ಜಿಗಿಯುತ್ತಾ ತುಣುಕು ತುಣುಕಾಗಿ ಮಾಹಿತಿ ತರುತ್ತದೆ. ಒಂದೊಂದು ಕಣ್ಣಿನಲ್ಲೂ ಬೆಳಕು ಹಿಡಿಯುವ ಕೋಶಗಳು 12 ಕೋಟಿ ಆಸುಪಾಸು, ಅಲ್ಲಿಂದ ಮೆದುಳಿಗೆ ಹೋಗುವ ನರದ ಎಳೆಗಳು 10 ಲಕ್ಷ ಆಸುಪಾಸು. ಅಂದರೆ ದಾರಿಯಲ್ಲೇ ಬಹಳಷ್ಟು ಬಿಟ್ಟುಹೋಗುತ್ತೆ. ಬಂದ ಚೂರುಪಾರನ್ನು ಇಟ್ಟುಕೊಂಡು ಇದು ಏನಿರಬಹುದು ಅಂತ ಮೆದುಳು ತೀರ್ಮಾನಿಸಬೇಕು. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1860ರ ದಶಕದಲ್ಲೇ ಇದನ್ನು ಹೇಳಿದ್ದರು: ನಮಗೆ ಅರಿವಿಲ್ಲದೆಯೇ ಮೆದುಳು ಊಹೆ ಮಾಡುತ್ತದೆ, ಆ ಊಹೆಯೇ ನೋಟ.

ಆ ಮಾತನ್ನು ಲೆಕ್ಕಕ್ಕೆ ತಂದು ಪರೀಕ್ಷೆ ಮಾಡಲು ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು. 1999ರಲ್ಲಿ ರಾಜೇಶ್ ರಾವ್ ಮತ್ತು ಡೇನಾ ಬ್ಯಾಲರ್ಡ್ ಅನ್ನುವ ವಿಜ್ಞಾನಿಗಳು ಮೆದುಳಿನ ನೋಟದ ಒಂದು ಕಂಪ್ಯೂಟರ್ ಮಾದರಿ ಕಟ್ಟಿದರು. ಅದರಲ್ಲಿ ಮಾಹಿತಿ ಬರೀ ಕೆಳಗಿನಿಂದ ಮೇಲಕ್ಕೆ ಹೋಗುವುದಿಲ್ಲ. ಮೇಲಿನ ಹಂತ ಕೆಳಗಿನ ಹಂತಕ್ಕೆ ಮೊದಲೇ ಹೇಳಿ ಕಳಿಸುತ್ತದೆ, ಈಗ ನಿನಗೆ ಇಂಥದ್ದು ಬರಬೇಕು ಅಂತ. ಕೆಳಗಿನದು ಹೋಲಿಸಿ ನೋಡಿ, ತಾಳೆಯಾಗದೆ ಉಳಿದ ವ್ಯತ್ಯಾಸವನ್ನು ಮಾತ್ರ ಮೇಲೆ ಕಳಿಸುತ್ತದೆ. ಆ ವ್ಯತ್ಯಾಸ ಕಡಿಮೆಯಾಗುವವರೆಗೆ ಊಹೆ ತಿದ್ದಿಕೊಳ್ಳುತ್ತಾ ಹೋಗುತ್ತದೆ. ಇಂಥ ಮಾದರಿಗೆ ಪ್ರಕೃತಿಯ ಚಿತ್ರಗಳನ್ನು ತೋರಿಸಿದಾಗ, ಮೆದುಳಿನ ನೋಟದ ಭಾಗದಲ್ಲಿ ನಿಜವಾಗಿ ಸಿಕ್ಕಿದ್ದ ಕೆಲವು ವಿಚಿತ್ರ ಗುಣದ ನರಕೋಶಗಳು ಅದರೊಳಗೆ ತಾವಾಗಿಯೇ ಮೂಡಿದವು. ಮೆದುಳಿನ ರಚನೆಯೂ ಇದಕ್ಕೆ ಹೊಂದುತ್ತದೆ. ಕಣ್ಣಿನಿಂದ ಬರುವ ಸಂದೇಶ ಮೊದಲು ಮೆದುಳಿನ ನಡುವಿನ ಥಾಲಮಸ್‌ಗೆ ಬಂದು ಅಲ್ಲಿಂದ ಹಿಂದಲೆಗೆ ಹೋಗುತ್ತದೆ. ಆ ನಡುವಿನ ಕೋಶಗಳಿಗೆ ಬರುವ ಸಂಪರ್ಕಗಳಲ್ಲಿ ಕಣ್ಣಿನಿಂದ ಬರುವವು ಹೆಚ್ಚೆಂದರೆ ಹತ್ತರಲ್ಲಿ ಒಂದು ಭಾಗ! ಉಳಿದವು ಬೇರೆ ಕಡೆಯವು, ಅದರಲ್ಲಿ ದೊಡ್ಡ ಪಾಲು ಮೆದುಳಿನ ಮೇಲ್ಪದರದಿಂದ ಕೆಳಗೆ ಬರುವವು.

ಅಂದರೆ ಕಣ್ಣಿನ ಕೆಲಸ ಮುಖ್ಯವಾಗಿ ಊಹೆಯನ್ನು ತಿದ್ದುವುದು. ಮುತ್ಯಾ ಅವರ ಕಣ್ಣು ಆ ತಿದ್ದುವ ಕೆಲಸ ನಿಲ್ಲಿಸಿದೆ. ಊಹೆ ಮಾಡುವ ಭಾಗಕ್ಕೆ ಏನೂ ಆಗಿಲ್ಲ. ಅದು 88 ವರ್ಷ ನೋಡಿದ್ದನ್ನೆಲ್ಲ ಇಟ್ಟುಕೊಂಡು ಕೂತಿದೆ.

ಆದರೆ ಒಂದು ಪ್ರಶ್ನೆ ಉಳಿಯುತ್ತೆ. ಊಹೆ ಮಾಡುವ ಭಾಗಕ್ಕೆ ಏನೂ ಬರದಿದ್ದರೆ ಅದೂ ಸುಮ್ಮನಾಗಬಹುದಿತ್ತಲ್ಲ? ಯಾಕೆ ಸುಮ್ಮನಾಗಲ್ಲ?

ಇದಕ್ಕೆ ಉತ್ತರ ಒಂದೊಂದು ನರಕೋಶದ ಒಳಗಿದೆ. ನರಕೋಶಕ್ಕೆ ತಾನು ಸರಾಸರಿ ಎಷ್ಟು ಚುರುಕಾಗಿರಬೇಕು ಅನ್ನುವ ಒಂದು ಮಟ್ಟ ಇರುತ್ತೆ. ಬರುವ ಸಂದೇಶ ಕಡಿಮೆಯಾದರೆ ಅದು ತನ್ನ ಸಂಪರ್ಕಗಳ ಬಲ ಹೆಚ್ಚಿಸಿಕೊಂಡು ಆ ಮಟ್ಟಕ್ಕೆ ಮರಳಲು ನೋಡುತ್ತೆ. ನರವಿಜ್ಞಾನಿ ಜಿನಾ ಟುರಿಜಿಯಾನೊ ಮತ್ತು ಅವರ ಜೊತೆಯವರು 1998ರಲ್ಲಿ ಇದನ್ನು ತೋರಿಸಿದರು. ಇಲಿಯ ಮೆದುಳಿನ ಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ, ಔಷಧಿ ಹಾಕಿ ಅವುಗಳ ಚಟುವಟಿಕೆಯನ್ನು ಎರಡು ದಿನ ನಿಲ್ಲಿಸಿದರು. ಅಷ್ಟರಲ್ಲಿ ಸಂಪರ್ಕಗಳು ಜಾಸ್ತಿ ಬಲವಾಗಿದ್ದವು. ಆಕಾಶವಾಣಿ ಸರಿಯಾಗಿ ಸಿಗದಿದ್ದಾಗ ರೇಡಿಯೊ ದನಿ ಏರಿಸುತ್ತಾ ಹೋದರೆ ಕೊನೆಗೆ ಬರೀ ಗೊರಗೊರ ಸದ್ದೇ ಜೋರಾಗಿ ಕೇಳುತ್ತಲ್ಲ, ಆ ಥರ. ಮೆದುಳಿನಲ್ಲಿ ಯಾವಾಗಲೂ ಇರುವ ಸಣ್ಣಪುಟ್ಟ ತಾನೇತಾನಾದ ಚಟುವಟಿಕೆ ಈಗ ದೊಡ್ಡದಾಗುತ್ತೆ. ರೇಡಿಯೊಗೂ ಮೆದುಳಿಗೂ ಇರುವ ವ್ಯತ್ಯಾಸ ಇಷ್ಟೇ: ರೇಡಿಯೊಗೆ ಹಾಡು ನೆನಪಿರಲ್ಲ. ಮೆದುಳಿಗೆ ಮುಖ, ಮನುಷ್ಯ, ಅಕ್ಷರ ಎಲ್ಲ ನೆನಪಿದೆ. ಹಾಗಾಗಿ ದೊಡ್ಡದಾದ ಚಟುವಟಿಕೆ ಬರೀ ಗೊರಗೊರವಾಗಿ ಉಳಿಯದೆ ಚಿತ್ರವಾಗಿ ಕೂಡಿಕೊಳ್ಳುತ್ತೆ.

ಕಣ್ಣು ಹಾಳಾಗಲೇಬೇಕು ಅಂತಲೂ ಇಲ್ಲ. ಅಮೆರಿಕದ ಬಾಸ್ಟನ್‌ನಲ್ಲಿ ಆರೋಗ್ಯವಂತ 13 ಜನರಿಗೆ ಐದು ದಿನ ಕಣ್ಣಿಗೆ ಪೂರ್ತಿ ಪಟ್ಟಿ ಕಟ್ಟಿಟ್ಟ ಪ್ರಯೋಗವೊಂದು 2004ರಲ್ಲಿ ಪ್ರಕಟವಾಯಿತು. ಅವರಲ್ಲಿ 10 ಜನರಿಗೆ ಏನಾದರೊಂದು ಕಂಡಿತ್ತು. ಮಿಂಚುವ ಬೆಳಕಿನಿಂದ ಹಿಡಿದು ಮುಖ, ಕಟ್ಟಡ, ಊರಿನ ನೋಟದವರೆಗೆ. ಅವರಿಗೂ ಗಾಳಿ ಸೋಕಿತ್ತು ಅನ್ನೋಣವಾ? ಮನೆಯಲ್ಲಿ ಹಿರಿಯರಿಗೆ ಇದೊಂದನ್ನು ಹೇಳಿ ನೋಡಿ.

ಈಗ ನಿಮ್ಮ ಕಂಪ್ಯೂಟರ್ ಪ್ರಶ್ನೆ. ಹೌದು, ಮಾಡಿದ್ದಾರೆ, ಮತ್ತು ಈ ಕ್ಷೇತ್ರದಲ್ಲಿ ನನಗೆ ತುಂಬಾ ಇಷ್ಟವಾದ ಕೆಲಸಗಳಲ್ಲಿ ಅದೂ ಒಂದು. ಎಡಿನ್‌ಬರೊ ವಿಶ್ವವಿದ್ಯಾಲಯದಲ್ಲಿ ಡೇವಿಡ್ ರೈಖರ್ಟ್, ಪೆಗಿ ಸೀರಿಯೆ, ಏಮಸ್ ಸ್ಟಾರ್ಕಿ ಮಾಡಿದ್ದು, ಪ್ರಕಟವಾದದ್ದು 2013ರಲ್ಲಿ. ಅವರು ಬಳಸಿದ್ದು ಡೀಪ್ ಬೋಲ್ಟ್ಸ್‌ಮನ್ ಮೆಷಿನ್ ಅನ್ನುವ ಜಾಲ, ಅಂದರೆ ನರಕೋಶಗಳನ್ನು ಅನುಕರಿಸುವ ಕಂಪ್ಯೂಟರ್ ಕೋಶಗಳ ಪದರಗಳು. ಬೋಲ್ಟ್ಸ್‌ಮನ್ ಮೆಷಿನ್ ಮೊದಲು ಬಂದದ್ದು 1980ರ ದಶಕದಲ್ಲಿ. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಜೆಫ್ರಿ ಹಿಂಟನ್‌ಗೆ 2024ರ ಭೌತಶಾಸ್ತ್ರದ ನೊಬೆಲ್ ಬಂತು, ಓದಿರುತ್ತೀರಿ. ಇದರ ವಿಶೇಷ ಏನಂದರೆ ಇದು ಬರೀ ಚಿತ್ರ ಗುರುತಿಸುವ ಜಾಲ ಅಲ್ಲ, ಕಲಿತ ಮೇಲೆ ತಾನೇ ಅಂಥ ಚಿತ್ರ ಹುಟ್ಟಿಸಬಲ್ಲದು. ಇದರಲ್ಲೂ ಮೇಲಿನ ಪದರ ಕೆಳಗಿನದಕ್ಕೆ, ಕೆಳಗಿನದು ಮೇಲಿನದಕ್ಕೆ, ಎರಡೂ ಕಡೆ ಮಾತು ನಡೆಯುತ್ತೆ.

ಎಡಿನ್‌ಬರೊದವರು ಮೊದಲು ಜಾಲಕ್ಕೆ ಸರಳ ಆಕಾರಗಳನ್ನು, ಕೈಬರಹದ ಅಂಕಿಗಳನ್ನು ಕಲಿಸಿದರು. ಕಲಿತಾದ ಮೇಲೆ ಕೆಳಗಿನ ಪದರಕ್ಕೆ ಬರುತ್ತಿದ್ದ ಚಿತ್ರವನ್ನು ತೆಗೆದುಬಿಟ್ಟರು, ಅಂದರೆ ಜಾಲವನ್ನು ಕುರುಡು ಮಾಡಿದರು. ಒಳಗಿನ ಕೋಶಗಳ ಚಟುವಟಿಕೆ ಕುಸಿಯಿತು. ಆಮೇಲೆ ಒಂದೇ ಒಂದು ನಿಯಮ ಸೇರಿಸಿದರು: ಪ್ರತಿ ಕೋಶವೂ ತನ್ನ ಹಳೆಯ ಸರಾಸರಿ ಮಟ್ಟಕ್ಕೆ ಮರಳಲು ತನ್ನನ್ನು ನಿಧಾನವಾಗಿ ಸರಿಹೊಂದಿಸಿಕೊಳ್ಳಬೇಕು. ಮೇಲೆ ಹೇಳಿದೆನಲ್ಲ, ನಿಜವಾದ ನರಕೋಶ ಮಾಡುವುದನ್ನೇ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಒಳಗಿನ ಪದರಗಳಲ್ಲಿ ಚಟುವಟಿಕೆ ಎದ್ದಿತು. ಅದೇನಂತ ಬಿಡಿಸಿ ನೋಡಿದರೆ ಜಾಲ ಹಿಂದೆ ಕಲಿತಿದ್ದ ಆಕಾರಗಳು, ಅಂಕಿಗಳು! ಹೊರಗೆ ಏನೂ ಇಲ್ಲ, ಒಳಗೆ ಚಿತ್ರ ಓಡುತ್ತಿದೆ. ನೋಟದ ಒಂದು ಭಾಗವನ್ನು ಮಾತ್ರ ಹಾಳು ಮಾಡಿದರೆ ಆ ಭಾಗದಲ್ಲೇ ಇಲ್ಲದ್ದು ಕಾಣಿಸಿಕೊಳ್ಳುವ ಒಲವು ಇತ್ತು.

ನೀವು ಇಂಜಿನಿಯರಿಂಗ್ ಓದುತ್ತಿರುವುದರಿಂದ ಒಂದು ಮಾತು ಒತ್ತಿ ಹೇಳುತ್ತೇನೆ. ಆ ಜಾಲ ಮೆದುಳಿನ ಮುಂದೆ ತೀರಾ ಪುಟ್ಟದು. ನಮ್ಮ ತಲೆಯಲ್ಲಿ ಇರುವ ನರಕೋಶಗಳು 8,600 ಕೋಟಿ ಆಸುಪಾಸು. ಆದರೂ ಆ ಕೆಲಸಕ್ಕೆ ಯಾಕೆ ಬೆಲೆ ಅಂದರೆ, ಭ್ರಮೆ ಹುಟ್ಟಿಸಲು ಅವರು ಅದರಲ್ಲಿ ಏನನ್ನೂ ಕೆಡಿಸಲಿಲ್ಲ. ಕಲಿಯುವುದು ಆರೋಗ್ಯದ ಲಕ್ಷಣ, ಸಮತೋಲ ಕಾಪಾಡಿಕೊಳ್ಳುವುದೂ ಆರೋಗ್ಯದ ಲಕ್ಷಣ. ಒಳ್ಳೆಯ ಎರಡು ಗುಣ ಸೇರಿ, ಹೊರಗಿನ ಮಾಹಿತಿ ನಿಂತಾಗ, ಇಲ್ಲದ್ದು ಕಾಣಿಸಿತು. ಮುತ್ಯಾ ಅವರ ತಲೆಗೆ ಏನೋ ಆಗಿದೆ ಅನ್ನುವವರಿಗೆ ಇದಕ್ಕಿಂತ ಗಟ್ಟಿಯಾದ ಉತ್ತರ ನನ್ನ ಹತ್ತಿರ ಇಲ್ಲ. 2015ರಲ್ಲಿ ಗೂಗಲ್‌ನವರ ಕಂಪ್ಯೂಟರ್ ಜಾಲ ಹುಟ್ಟಿಸಿದ ಡೀಪ್‌ಡ್ರೀಮ್ ಚಿತ್ರಗಳು ಓಡಾಡಿದವು, ಮೋಡದಲ್ಲಿ, ಮರದಲ್ಲಿ ಎಲ್ಲೆಲ್ಲೂ ನಾಯಿಮುಖ. ನೀವು ಕೇಳಿದ್ದು ಅದೂ ಇರಬಹುದು. ಅದು ಬೇರೆ ವಿಧಾನ. ಅಲ್ಲಿ ನಾಯಿ ಜಾಸ್ತಿ ಕಂಡದ್ದು ಆ ಜಾಲಕ್ಕೆ ಕಲಿಸಿದ 1,000 ಬಗೆಯ ಚಿತ್ರಗಳಲ್ಲಿ ನೂರಕ್ಕೂ ಹೆಚ್ಚು ಬಗೆ ನಾಯಿ ತಳಿಗಳೇ ಆಗಿದ್ದರಿಂದ. ಏನು ಕಲಿತಿದೆಯೋ ಅದೇ ಹೊರಗೆ ಬರುತ್ತೆ ಅನ್ನುವುದು ಮಾತ್ರ ಎರಡರಲ್ಲೂ ಒಂದೇ.

ಇನ್ನು ಮುತ್ಯಾಗೆ ಕಾಣುವ ಒಂದೊಂದನ್ನೂ ನೋಡೋಣ, ಒಂದೊಂದರ ಹಿಂದೆಯೂ ಕಾರಣ ಇದೆ.

ಮೊದಲು ಬಲೆ, ಚಿತ್ತಾರ. ನಮ್ಮ ಕಡೆ ಮನೆಗಳಲ್ಲಿ ಹಾಸುವ ಶಹಾಬಾದ್ ಪರಸಿ ಬೋಳು ಕಲ್ಲು, ಅದರಲ್ಲಿ ಚಿತ್ತಾರ ಎಲ್ಲಿಂದ ಬರಬೇಕು! ಇದು ಹಿಂದಲೆಯಲ್ಲಿರುವ ನೋಟದ ಮೊದಲ ಪ್ರದೇಶದ ಕೆಲಸ. 1959ರಿಂದ ಡೇವಿಡ್ ಹ್ಯೂಬೆಲ್, ಟಾರ್ಸ್ಟನ್ ವೀಸೆಲ್ ಬೆಕ್ಕುಗಳ ಮೇಲೆ ಮಾಡಿದ ಪ್ರಯೋಗಗಳಿಂದ ನಮಗೆ ಗೊತ್ತಾಗಿದೆ, ಅಲ್ಲಿನ ಒಂದೊಂದು ಕೋಶವೂ ಒಂದೊಂದು ಓರೆಯ ಗೆರೆಗೆ ಸ್ಪಂದಿಸುತ್ತೆ. ಒಂದು ನಿಂತ ಗೆರೆಗೆ, ಇನ್ನೊಂದು ಅಡ್ಡ ಗೆರೆಗೆ, ಮತ್ತೊಂದು ವಾರೆ ಗೆರೆಗೆ. 1981ರಲ್ಲಿ ಅವರಿಗೆ ನೊಬೆಲ್ ಬಂತು. ಈ ಕೋಶಗಳು ಹತ್ತಿರದವುಗಳನ್ನು ಹುರಿದುಂಬಿಸುತ್ತವೆ, ಸ್ವಲ್ಪ ದೂರದವುಗಳನ್ನು ಅದುಮುತ್ತವೆ. ಇಂಥ ವ್ಯವಸ್ಥೆಯಲ್ಲಿ ಚಟುವಟಿಕೆ ಒಂದು ಮಿತಿ ದಾಟಿದರೆ ಅದು ಸಮವಾಗಿ ಹರಡಿಕೊಂಡಿರಲು ಆಗಲ್ಲ, ತಾನಾಗಿಯೇ ಪಟ್ಟೆ ಪಟ್ಟೆಯಾಗಿ, ಷಟ್ಕೋನಗಳಾಗಿ ಒಡೆಯುತ್ತೆ. ಪ್ರಾಣಿಗಳ ಮೈಮೇಲಿನ ಪಟ್ಟೆಗೆ ಅಲನ್ ಟ್ಯೂರಿಂಗ್ 1952ರಲ್ಲಿ ಕೊಟ್ಟ ಗಣಿತದ ವಿವರಣೆ ಇದೇ ಜಾತಿಯದು. ಬಾರ್ಡ್ ಎರ್ಮೆಂಟ್ರೌಟ್ ಮತ್ತು ಜ್ಯಾಕ್ ಕೋವನ್ 1979ರಲ್ಲಿ ಇದನ್ನು ಮೆದುಳಿಗೆ ಹಚ್ಚಿದರು.

ಇಲ್ಲಿ ಒಂದು ಚಂದದ ಸಂಗತಿ ಇದೆ. ನಾವು ನೋಡುವ ಜಾಗ ಮೆದುಳಿನ ಮೇಲೆ ಇದ್ದ ಹಾಗೆ ಹರಡಿಕೊಂಡಿಲ್ಲ. ನೋಟದ ನಡುವಿನ 10 ಡಿಗ್ರಿಗೇ ಅಲ್ಲಿ ಅರ್ಧಕ್ಕಿಂತ ಹೆಚ್ಚು ಜಾಗ. ಈ ಹಿಗ್ಗು ಕುಗ್ಗಿನ ಗಣಿತ ಹಾಕಿದರೆ ಮೆದುಳಿನ ಮೇಲಿನ ನೇರ ಪಟ್ಟೆಗಳು ನೋಡುವವರಿಗೆ ಉಂಗುರಗಳಾಗಿ, ನಡುವಿನಿಂದ ಹೊರಟ ಕಿರಣಗಳಾಗಿ ಅಥವಾ ಸುರುಳಿಯಾಗಿ ಕಾಣಬೇಕು ಅಂತ ಬರುತ್ತೆ. 2001ರಲ್ಲಿ ಕೋವನ್ ಮತ್ತು ಅವರ ಜೊತೆಯವರು ಗೆರೆಯ ಓರೆಯನ್ನೂ ಲೆಕ್ಕಕ್ಕೆ ಸೇರಿಸಿದಾಗ ಜೇನುಹುಟ್ಟು, ಜೇಡರಬಲೆ, ಜಾಲರಿ ಎಲ್ಲ ಬಂದವು. ಜನರು ಶತಮಾನಗಳಿಂದ ಹೇಳುತ್ತಿರುವ ಚಿತ್ತಾರಗಳೇ ಇವು. ಮುತ್ಯಾ ಒಂದರ್ಥದಲ್ಲಿ ತಮ್ಮ ಮೆದುಳಿನ ನಕ್ಷೆಯನ್ನೇ ನೋಡುತ್ತಿದ್ದಾರೆ. ಅರೆತಲೆನೋವು ಬರುವ ಮುಂಚೆ ಕೆಲವರಿಗೆ ಅಂಕುಡೊಂಕಾದ ಹೊಳೆಯುವ ಗೆರೆ ಕಾಣುತ್ತಲ್ಲ, ಅದೂ ಈ ಪ್ರದೇಶದ್ದೇ. ಅಮೆರಿಕದ ಮನೋವಿಜ್ಞಾನಿ ಕಾರ್ಲ್ ಲ್ಯಾಶ್ಲಿ ತಮಗೇ ಬರುತ್ತಿದ್ದ ಅಂಥ ಗೆರೆಯ ಚಿತ್ರ ಬರೆದು, ಅದನ್ನು ಹುಟ್ಟಿಸುವ ಚಟುವಟಿಕೆಯ ಅಲೆ ಮೆದುಳಿನ ಮೇಲೆ ನಿಮಿಷಕ್ಕೆ 3 ಮಿಲಿಮೀಟರ್ ಸರಿಯುತ್ತೆ ಅಂತ 1941ರಲ್ಲೇ ಲೆಕ್ಕ ಹಾಕಿದ್ದರು.

ಮನುಷ್ಯರು, ಮುಖಗಳು ಬರುವುದು ಇನ್ನೂ ಮುಂದಿನ ಹಂತದಿಂದ. ಲಂಡನ್ನಿನ ಡೊಮಿನಿಕ್ ಫಿಚ್ ಮತ್ತು ಅವರ ತಂಡ 1998ರಲ್ಲಿ ಇಂಥ ರೋಗಿಗಳನ್ನು ಎಂಆರ್‌ಐ ಯಂತ್ರದಲ್ಲಿ ಮಲಗಿಸಿ, ಏನಾದರೂ ಕಂಡ ಕೂಡಲೇ ತಿಳಿಸಿ ಅಂದರು. ಬಣ್ಣ ಕಂಡವರಲ್ಲಿ ಬಣ್ಣ ನೋಡುವ ಪ್ರದೇಶ ಚುರುಕಾಗಿತ್ತು, ಮುಖ ಕಂಡವರಲ್ಲಿ ಮುಖಕ್ಕೆ ಸ್ಪಂದಿಸುವ ಪ್ರದೇಶ. ಅಂದರೆ ಇವರು ಕಲ್ಪಿಸಿಕೊಂಡು ಹೇಳುತ್ತಿಲ್ಲ, ನಿಜವಾಗಿ ನೋಡುತ್ತಿದ್ದಾರೆ, ನೋಡುವ ವಸ್ತು ಮಾತ್ರ ಹೊರಗಿಲ್ಲ. ಇಂಥ ರೋಗಿಗಳು ಹೇಳುವುದರಲ್ಲಿ ಸಣ್ಣ ಗಾತ್ರದ, ವೇಷ ತೊಟ್ಟ, ತಲೆಗೆ ಟೋಪಿ ಇಟ್ಟ ಮನುಷ್ಯರು ಮತ್ತೆ ಮತ್ತೆ ಬರುತ್ತಾರೆ. ಲಂಡನ್ನಿನವರಿಗೆ ಟೋಪಿ, ನಿಮ್ಮ ಮುತ್ಯಾಗೆ ಪಟಗಾ! ಕೆಲವರಿಗೆ ಕಣ್ಣು ಹಲ್ಲು ದೊಡ್ಡದಾದ ವಿಕಾರ ಮುಖಗಳೂ ಕಾಣುತ್ತವೆ. ಮುಂದೆ ಮುತ್ಯಾ ಹಾಗೇನಾದರೂ ಹೇಳಿದರೆ ಗಾಬರಿ ಬೀಳಬೇಡಿ, ಅದೂ ಇದರದ್ದೇ ಭಾಗ. ಗಾತ್ರ ಸಣ್ಣದಾಗುವುದಕ್ಕೆ ಒಂದು ವಿವರಣೆ ಹೀಗಿದೆ: ವಸ್ತು ಎಷ್ಟು ದೂರದಲ್ಲಿದೆ ಅನ್ನುವುದನ್ನು ಸೇರಿಸಿಕೊಂಡೇ ಮೆದುಳು ಅದರ ಗಾತ್ರ ಲೆಕ್ಕ ಹಾಕುತ್ತೆ. ಒಳಗಿನಿಂದ ಬಂದ ಚಿತ್ರವನ್ನು ಹತ್ತಿರದ ನೆಲದ ಮೇಲೆ ಇಟ್ಟು ನೋಡಿದರೆ ಅದು ಚಿಕ್ಕದಾಗಿ ತೋರುತ್ತೆ.

ಉರ್ದು ಅಕ್ಷರಗಳ ವಿಷಯ ಓದಿ ನನಗೆ ರೋಮಾಂಚನವಾಯಿತು. ಈ ಸ್ಥಿತಿಯಲ್ಲಿ ಬರಹ ಕಾಣುವುದು ಹೊಸದಲ್ಲ, ಮತ್ತು ಅದು ಹೆಚ್ಚಾಗಿ ಅರ್ಥವಿಲ್ಲದ ಬರಹವೇ ಆಗಿರುತ್ತೆ. ಕಾರಣ ಇದೆ. ಓದಲು ಕಲಿತವರ ಮೆದುಳಿನ ಎಡಭಾಗದ ತಳದಲ್ಲಿ ಅಕ್ಷರಗಳಿಗೆ ಸ್ಪಂದಿಸುವ ಒಂದು ಜಾಗ ಬೆಳೆಯುತ್ತೆ. ಅರ್ಥ, ಮಾತು ನೋಡಿಕೊಳ್ಳುವ ಜಾಗಗಳು ಬೇರೆ. ಅಕ್ಷರದ ಜಾಗ ತಾನೇತಾನಾಗಿ ಚುರುಕಾದರೆ ಅಕ್ಷರ ಕಾಣುತ್ತೆ, ಅದರ ಹಿಂದೆ ಮಾತು ಇರಲ್ಲ. ಆ ಜಾಗ ಯಾವ ಲಿಪಿ ಕಲಿತಿದೆಯೋ ಅದನ್ನೇ ಕೊಡುತ್ತೆ. 1948ಕ್ಕೆ ಮುಂಚೆ ನಿಜಾಮರ ರಾಜ್ಯದಲ್ಲಿ ಮಗುವಾಗಿ ಸ್ಲೇಟು ಹಿಡಿದವರ ಮೆದುಳು ಮೊದಲು ತಿದ್ದಿದ್ದು ಅಲೀಫ್, ಬೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಸ್.ಪಿ. ಅರುಣ್ ಅವರ ತಂಡ ತೆಲುಗು ಓದುವವರಿಗೂ ಮಲಯಾಳಂ ಓದುವವರಿಗೂ ಎರಡೂ ಲಿಪಿ ತೋರಿಸಿ ಮಾಡಿದ ಅಧ್ಯಯನ 2019ರಲ್ಲಿ ಬಂತು. ಓದಲು ಬರುವ ಲಿಪಿಯಲ್ಲಿ ಮೆದುಳು ಪದವನ್ನು ಬಿಡಿ ಬಿಡಿ ಅಕ್ಷರವಾಗಿ ಸಲೀಸಾಗಿ ಬಿಡಿಸಿಕೊಳ್ಳುತ್ತೆ, ಬಾರದ ಲಿಪಿಯಲ್ಲಿ ಅಷ್ಟು ಸಲೀಸಲ್ಲ. ಅಂದರೆ ಓದು ಬರೀ ತಿಳುವಳಿಕೆಯನ್ನಲ್ಲ, ನೋಟವನ್ನೇ ಬದಲಿಸುತ್ತೆ. ಆ ಬದಲಾವಣೆ ಮುತ್ಯಾ ಒಳಗೆ ಈಗಲೂ ಹಾಗೇ ಇದೆ.

ಸಂಜೆಯೇ ಯಾಕೆ? ಬೆಳಕು ಕಡಿಮೆ, ಉಳಿದಿರುವ ಚೂರು ನೋಟಕ್ಕೂ ಆಗ ಕೆಲಸ ಇಲ್ಲ. ಒಬ್ಬರೇ ಕೂತಿರುತ್ತಾರೆ, ತೂಕಡಿಕೆ ಬರುತ್ತಿರುತ್ತೆ. ಹೊರಗಿನ ಮಾಹಿತಿಗೆ ಎಷ್ಟು ತೂಕ, ಒಳಗಿನ ಊಹೆಗೆ ಎಷ್ಟು ತೂಕ ಅನ್ನುವುದರಲ್ಲಿ ಅಸಿಟೈಲ್‌ಕೋಲಿನ್ ಅನ್ನುವ ರಾಸಾಯನಿಕಕ್ಕೆ ಪಾತ್ರ ಇದೆ. ಮಂಪರು ಹೊತ್ತಿನಲ್ಲಿ ಅದು ಕಡಿಮೆಯಾದರೆ ಊಹೆಯ ಕಡೆ ವಾಲುತ್ತೆ. ಎಡಿನ್‌ಬರೊ ಮಾದರಿಯಲ್ಲಿ ಈ ತೂಕ ಬದಲಿಸಿದಾಗ ಭ್ರಮೆ ಹೆಚ್ಚುತ್ತಿತ್ತು.

ಹಾಗಾದರೆ ಮಾಡಬೇಕಾದದ್ದೇನು ಅಂತ ಇದರಿಂದಲೇ ತಿಳಿಯುತ್ತೆ. ಸಂಜೆಯಾಗುವ ಮುಂಚೆಯೇ ಪಡಸಾಲೆಯಲ್ಲಿ ಒಳ್ಳೆಯ ಬೆಳಕಿನ ಬಲ್ಬ್ ಹಾಕಿ. ಕರೆಂಟ್ ಹೋಗುವ ಊರಾದರೆ ಚಾರ್ಜ್ ಆಗುವ ಲೈಟ್ ಒಂದು ಇಟ್ಟಿರಿ. ಆ ಹೊತ್ತಿಗೆ ಯಾರಾದರೂ ಜೊತೆ ಕೂತು ಮಾತಾಡಿ. ಏನಾದರೂ ಕಂಡಾಗ ಕಣ್ಣನ್ನು ಜೋರಾಗಿ ಮಿಟುಕಿಸಲು, ತಲೆ ಅಲ್ಲಾಡಿಸದೆ ಕಣ್ಣಗುಡ್ಡೆಯನ್ನು ಎಡಕ್ಕೆ ಬಲಕ್ಕೆ ಹತ್ತು ಹದಿನೈದು ಸಲ ಆಡಿಸಲು ಹೇಳಿ. ಕೈ ಚಾಚಿ ಮುಟ್ಟಲು ಹೋಗಲಿ, ಎದ್ದು ಜಾಗ ಬದಲಿಸಲಿ. ಬಹಳ ಜನರಿಗೆ ಇಷ್ಟರಿಂದಲೇ ಆ ಹೊತ್ತಿನದು ಹೋಗುತ್ತೆ. ಎಲ್ಲಿದೆ, ಏನೂ ಇಲ್ಲ ಅಂತ ವಾದಕ್ಕಿಳಿಯಬೇಡಿ, ಇಲ್ಲ ಅಂತ ಅವರಿಗೇ ಗೊತ್ತಿದೆ. ಇವತ್ತು ಏನು ಕಂಡಿತು ಮುತ್ಯಾ ಅಂತ ಕೇಳಿ, ಅವರು ಹೇಳುತ್ತಾರೆ. ಕೆಲವರಿಗೆ ತಿಂಗಳುಗಳಲ್ಲಿ ಕಡಿಮೆಯಾಗುತ್ತೆ, ಕೆಲವರಿಗೆ ವರ್ಷಗಳು ಇರುತ್ತೆ, ಆದರೆ ಏನಂತ ಗೊತ್ತಾದ ಮೇಲೆ ಹೆಚ್ಚಿನವರಿಗೆ ಅದರ ಕಾಟ ಅನ್ನಿಸುವುದಿಲ್ಲ.

ಡಾಕ್ಟರ ಹತ್ತಿರ ಹೋಗಲೇಬೇಕು. ಕಲಬುರಗಿಯ ಜಿಮ್ಸ್ ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೋ ನಿಮಗೆ ಹತ್ತಿರದ ಕಣ್ಣಿನ ಡಾಕ್ಟರಿಗೋ ತೋರಿಸಿ, ಚಾರ್ಲ್ಸ್ ಬೊನೆ ಹೆಸರು ನೀವೇ ಹೇಳಿ. ಕಾಚಬಿಂದುವಿನ ಜೊತೆ ಮೋತಿಬಿಂದುವೂ ಇದ್ದರೆ, ಅದನ್ನು ತೆಗೆಸಿ ಸ್ವಲ್ಪ ಬೆಳಕು ಜಾಸ್ತಿ ಬಂದರೂ ಲಾಭ. ಕಾಚಬಿಂದುವಿನ ಹನಿಗಳನ್ನು ತಾವಾಗಿ ನಿಲ್ಲಿಸಬೇಡಿ. ಇನ್ನೊಂದು ಎಚ್ಚರ: ಕಾಣುವುದರ ಜೊತೆಗೆ ದನಿ ಕೇಳುವುದು, ವಾಸನೆ ಬರುವುದು, ಅವು ನಿಜ ಅಂತಲೇ ನಂಬುವುದು, ಹೊತ್ತು ಜಾಗ ಮರೆಯುವುದು, ಕೈ ನಡುಕ, ನಡಿಗೆ ಬದಲಾಗುವುದು, ಜ್ವರದಲ್ಲಿ ಬಡಬಡಿಸುವುದು, ಹೊಸ ಮಾತ್ರೆ ಶುರು ಮಾಡಿದ ಮೇಲೆ ಇದು ಬಂದಿರುವುದು, ಇವುಗಳಲ್ಲಿ ಒಂದಿದ್ದರೂ ಅದು ಬೇರೆ ಕಾಯಿಲೆ ಇರಬಹುದು, ನರರೋಗದ ಡಾಕ್ಟರನ್ನು ಕಾಣಿ. ಒಮ್ಮೆಲೇ ಒಂದು ಕಡೆಯ ನೋಟ ಹೋದರೆ, ಮಾತು ತೊದಲಿದರೆ ತಡ ಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಿ, ಅದು ಲಕ್ವಾ ಇರಬಹುದು.

ನೀವು ಕೇಳದೇ ಇದ್ದ ಒಂದು ಮಾತು. ಕಾಚಬಿಂದು ಮನೆತನದಲ್ಲಿ ಬರಬಹುದಾದ ಕಾಯಿಲೆ, ಅದು ಹೆಚ್ಚಾಗಿ ಸದ್ದಿಲ್ಲದೆ ನರ ತಿನ್ನುತ್ತೆ, ಹೋದ ನೋಟ ಮರಳಲ್ಲ. ಮುತ್ಯಾ ಅವರ ಒಡಹುಟ್ಟಿದವರಿಗೆ, ಮಕ್ಕಳಿಗೆ, ಅಂದರೆ ನಿಮ್ಮ ತಂದೆ ಅಥವಾ ತಾಯಿ ಯಾರು ಅವರ ಮಕ್ಕಳೋ ಅವರಿಗೆ, ಮತ್ತೆ ಆ ಕಡೆಯ ಕಾಕಾ, ಮಾಮಾ, ಅತ್ತಿಯವರಿಗೆ ಇದು ಬರುವ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ. ಮುತ್ಯಾನ್ನ ತೋರಿಸಲು ಹೋದ ದಿನವೇ ಅವರಲ್ಲಿ ಬಂದವರೆಲ್ಲ ಕಣ್ಣಿನ ಒತ್ತಡ ಅಳೆಸಿ, ಕಣ್ಣಿಗೆ ಹನಿ ಹಾಕಿ ಒಳಗಿನ ನರ ನೋಡಿಸಿಕೊಂಡು ಬರಲಿ.